ಇಮಾಂಬಿ ನನ್ನ ಹೆಸರಿನಲ್ಲಿ ಆಡಿದ ಮಾತು

ಇಮಾಂಬಿ ನನ್ನ ಹೆಸರು ಹೇಳಿಕೊಂಡು ಫೋನಿನಲ್ಲಿ ಮಾತಾಡಿದ್ದು ಒಟ್ಟು ಹನ್ನೊಂದು ಸಲ. ಹತ್ತು ಸಲ ನಾನು ಅವಳ ಮಾತಿನಲ್ಲಿ ಏನಾದರೊಂದು ಕೊಂಕು ತೆಗೆದಿದ್ದೇನೆ. ಹನ್ನೊಂದನೆಯದನ್ನು ಹೇಳಲು ಈಗ ಕೂತಿದ್ದೇನೆ.

ನಮ್ಮೂರಲ್ಲಿ ಪ್ರತಿ ಫೋನಿಗೂ ಒಂದು ಬದಲಿ ಮನೆ ಇರುತ್ತದೆ. ನಿಮ್ಮ ಲೈನು ಕೆಟ್ಟರೆ, ತಂತಿ ಹರಿದರೆ, ಮಂಗ ಬಂದು ಕಂಬದ ಮೇಲೆ ಜೋಕಾಲಿ ಆಡಿದರೆ, ನಿಮಗೆ ಬರಬೇಕಾದ ಫೋನು ತಾನಾಗಿಯೇ ಆ ಮನೆಗೆ ಹೊರಳುತ್ತದೆ. ಎಕ್ಸ್‌ಚೇಂಜಿನ ಯಂತ್ರಕ್ಕೆ ಅದು ರೆಪ್ಪೆ ಬಡಿಯುವಷ್ಟು ಹೊತ್ತಿನ ಕೆಲಸ. ಅಲ್ಲಿ ಗಂಟೆ ತುಂಡು ತುಂಡಾಗಿ ಬಾರಿಸುತ್ತದೆ. ಇದು ತಮ್ಮ ಫೋನಲ್ಲ, ಇನ್ನೊಬ್ಬರದು ಎಂದು ಅವರಿಗೆ ತಿಳಿಯುವುದೇ ಹಾಗೆ. ಎತ್ತಿದವರು ನಿಮ್ಮ ಹೆಸರು ಹೇಳಿ, ನೀವೇ ಆಗಿ ಮಾತಾಡಬೇಕು. "ಅವರಿಲ್ಲ, ಆಮ್ಯಾಲೆ ಮಾಡ್ರಿ" ಎನ್ನುವ ಹಾಗಿಲ್ಲ. ಆ ಕಡೆಯವರಿಗೆ ಗುಟ್ಟು ಬಿಟ್ಟುಕೊಡುವ ಹಾಗೂ ಇಲ್ಲ. ಗಂಡಸರು ಹೆಂಗಸರಾಗಿ ಮಾತಾಡಿದ್ದುಂಟು. ನಮ್ಮೂರ ಹೆಣ್ಣುಮಕ್ಕಳಿಗೆ ವರ್ಷವಿಡೀ ನೆಗಡಿ ಎಂದು ಪರವೂರಿನವರು ತಿಳಿದಿದ್ದಾರೆ.

ಬದಲಿ ಮನೆಯವರು ಆಡಿದ್ದು ನೀವು ಆಡಿದ್ದೇ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಗಾಣಿಗರ ಓಣಿಯ ಮುದುಕನೊಬ್ಬ ಹಿಂದೆ ಒಂದು ಸಲ ಪ್ರಯತ್ನ ಮಾಡಿದ. ಅವನ ಬದಲಿ ಮನೆಯವರು ಅವನ ಮಗಳನ್ನು ಕೊಡಲು ಒಪ್ಪಿಬಿಟ್ಟಿದ್ದರು. ಇಲ್ಲ ಎಂದು ಹೇಳಲು ಮುದುಕ ನಂಬರು ತಿರುಗಿಸಿದರೆ, ಕಿವಿಯಲ್ಲಿ ಅವನದೇ ಉಸಿರಾಟ ಕೇಳಿಸಿತೇ ಹೊರತು ಬೇರೇನೂ ಇಲ್ಲ. ಮೂರು ದಿನ ತಿರುಗಿಸಿ ತಿರುಗಿಸಿ ಬೆರಳು ಸವೆಸಿಕೊಂಡು, ಕೊನೆಗೆ ಮದುವೆ ಮಾಡಿಕೊಟ್ಟ. ಬೀಗರು ಒಳ್ಳೆಯವರೇ ಸಿಕ್ಕರು, ಅದು ಬೇರೆ ಮಾತು. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬುದು ಬೇರೆ ಊರುಗಳಲ್ಲಿ ಬರೀ ಗಾದೆ.

ಅದಕ್ಕೇ ನಮ್ಮಲ್ಲಿ ಗುರುವಾರ ಸಂಜೆ ಯಾರೂ ಅಂಗಡಿ ತೆರೆಯುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಬದಲಿ ಮನೆಗೆ ಹೋಗಿ ಕೂತು ಹೊಟ್ಟೆಯಲ್ಲಿರುವುದನ್ನೆಲ್ಲ ಹೇಳುತ್ತಾರೆ. ಏನು ಬೇಕು, ಏನು ಬೇಡ, ಯಾರು ಬಂದರೆ ಚಹಾ, ಯಾರು ಬಂದರೆ ಬಾಗಿಲು. ಇದಕ್ಕೆ ನಾವು ಒಪ್ಪಿಸುವುದು ಎನ್ನುತ್ತೇವೆ. ಗಂಡನಿಗೆ ಹೇಳದ ಮಾತನ್ನೂ ಬದಲಿ ಮನೆಗೆ ಹೇಳಲೇಬೇಕು. ಇಲ್ಲದಿದ್ದರೆ ನಾಳೆ ಫೋನು ಬಂದಾಗ ಅವರು ನೀವಾಗುವುದು ಹೇಗೆ? ನಮ್ಮೂರಲ್ಲಿ ಯಾವ ಗುಟ್ಟಿನ ಆಯುಷ್ಯವೂ ಬುಧವಾರದ ತನಕ ಮಾತ್ರ.

ನಾನು ನೀಲಗಂಗಾ. ಎಕ್ಸ್‌ಚೇಂಜಿನಲ್ಲಿ ಲೈನು ಪರೀಕ್ಷೆ ಮಾಡುವುದು ನನ್ನ ಕೆಲಸ. ಗೋಡೆಯಷ್ಟು ಎತ್ತರದ ಯಂತ್ರದಲ್ಲಿ ಪ್ರತಿ ಮನೆಗೂ ಎರಡು ದೀಪ, ಒಂದು ಹಸಿರು, ಒಂದು ಹಳದಿ. ದಿನಕ್ಕೆ ಇಪ್ಪತ್ತು ಮನೆಗಳ ಲೈನನ್ನು ನಾನು ಬೇಕೆಂದೇ ಕಿತ್ತು ನೋಡುತ್ತೇನೆ. ಕಿತ್ತ ಕೂಡಲೇ ಟಕ್ ಎಂದು ಹಸಿರು ಹೋಗಿ ಹಳದಿ ಹತ್ತಬೇಕು. ಹತ್ತಿದರೆ ಯಂತ್ರ ಸರಿಯಾಗಿದೆ, ಫೋನು ಬದಲಿ ಮನೆಗೆ ಹೊರಳಿತು ಎಂದರ್ಥ. ಆಮೇಲೆ ಮತ್ತೆ ಸಿಕ್ಕಿಸುತ್ತೇನೆ. ಆದರೆ ಸಿಕ್ಕಿಸಿದ ತಕ್ಷಣ ಹಸಿರು ಬರುವುದಿಲ್ಲ. ಒಮ್ಮೆ ಕೈಕೊಟ್ಟ ಲೈನನ್ನು ಯಂತ್ರ ಅಷ್ಟು ಬೇಗ ನಂಬುವುದಿಲ್ಲ. ಎರಡು ತಾಸು ಕಾದು, ಇದು ನಿಜವಾಗಿಯೂ ನೆಟ್ಟಗಾಗಿದೆ ಎಂದು ಖಾತ್ರಿಯಾದ ಮೇಲೇ ಫೋನನ್ನು ಹಳೆಯ ಮನೆಗೆ ಮರಳಿಸುತ್ತದೆ. ನಡುವೆ ಮತ್ತೊಮ್ಮೆ ಕಿತ್ತರೆ ಆ ಎರಡು ತಾಸು ಮತ್ತೆ ಮೊದಲಿನಿಂದ. ಇದನ್ನು ಊರಿಗೆಲ್ಲ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ.

ನಮ್ಮ ಬದಲಿ ಮನೆ ಇಮಾಂಬಿಯದು. ಮೂರು ಓಣಿ ಆಚೆ, ಹಳೆಯ ಸೀರೆಗಳನ್ನು ಜೋಡಿಸಿ ಹೊದೆಯುವ ಕೌದಿ ಹೊಲಿಯುವವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಒಂಟಿ ಜೀವ. ಗಟ್ಟಿ ದನಿ; ಮೆಲ್ಲಗೆ ಮಾತಾಡಿದರೂ ಓಣಿಯ ತುದಿಯ ನಾಯಿ ಕಿವಿ ನಿಮಿರಿಸುತ್ತದೆ. ಹನ್ನೆರಡು ವರ್ಷ ಪ್ರತಿ ಗುರುವಾರ ಅವಳ ಕೌದಿಗಳ ಮೇಲೆ ಕೂತು ನಾನು ಅತ್ತಿದ್ದೇನೆ, ನಕ್ಕಿದ್ದೇನೆ, ಗಂಡನನ್ನು ಬೈದಿದ್ದೇನೆ. ಆಮೇಲೆ ನಮ್ಮಿಬ್ಬರಿಗೂ ಜಗಳವಾಯಿತು.

ಜಗಳಕ್ಕೆ ಕಾರಣ ನನ್ನ ಗಂಡನ ಸೋದರಮಾವ. ಒಂದು ದಿನ ನಮ್ಮ ಲೈನು ಕೆಟ್ಟಾಗ ಅವನು ಫೋನು ಮಾಡಿ, ನಾಲ್ಕು ದಿನ ಬಂದಿರಲೇ ಎಂದು ಕೇಳಿದ. ಇಮಾಂಬಿ ನನ್ನ ಹೆಸರಿನಲ್ಲಿ, "ನಾಕ ದಿನ ಯಾಕ್ರಿ ಮಾವಾರ, ಮನಸಿಗೆ ಬಂದಷ್ಟ ದಿನ ಇರ್ರಿ" ಎಂದಳು. ಅವನ ಮನಸ್ಸಿಗೆ ಏಳು ತಿಂಗಳು ಬಂತು. ತಂಬಾಕು ಉಗುಳಿ ಉಗುಳಿ ನಮ್ಮ ಕಟ್ಟೆಯನ್ನು ಕೆಂಪು ಮಾಡಿ, ನನ್ನ ಗಂಡನಿಗೆ ಇಸ್ಪೀಟು ಕಲಿಸಿ ಹೋದ. ಅವನು ಹೋದ ದಿನ ನಾನು ಇಮಾಂಬಿಯ ಅಂಗಳದಲ್ಲಿ ನಿಂತು ಓಣಿ ಕೂಡುವ ಹಾಗೆ ಕೂಗಾಡಿದೆ. ನಿನ್ನ ನಾಲಿಗೆಗೆ ಎಲುಬಿಲ್ಲ ಎಂದೆ. ನನ್ನ ಸಂಸಾರ ನಿನ್ನ ಅಪ್ಪನ ಧರ್ಮಛತ್ರವೇ ಎಂದೆ. ಇಮಾಂಬಿ ಕೈಯಲ್ಲಿದ್ದ ಸೂಜಿಯನ್ನು ಎತ್ತಿ ಹಿಡಿದಳು.

"ಕೇಳಿಲ್ಲೆ, ನೀಲವ್ವಾ. ಇನ್ನ ಮ್ಯಾಲ ನಿನ್ನ ಹೆಸರಿಗೆ ಬಂದ ಫೋನಿಗೆ 'ಇಲ್ಲ' ಅನ್ನೋದೊಂದ ಮಾತು. ಯಾರ ಏನ ಕೇಳಿದ್ರೂ 'ಇಲ್ಲ'. ಈ ಸೂಜಿ ಮ್ಯಾಲ ಆಣಿ."

ಸೂಜಿಯಿಂದ ಹೊಟ್ಟೆ ಹೊರೆಯುವವಳು ಸೂಜಿ ಮುಟ್ಟಿ ಆಣೆ ಮಾಡಿದರೆ ಅದು ಆಟವಲ್ಲ. ಮೂರು ವರ್ಷ ಅವಳು ಮಾತು ತಪ್ಪಲಿಲ್ಲ. ಚಿಕ್ಕಪ್ಪನ ಮಗಳು ಫೋನು ಮಾಡಿ ಮದುವೆಗೆ ಬರುತ್ತೀಯಲ್ಲ ಎಂದರೆ ಇಲ್ಲ. ಹಳೆಯ ಗೆಳತಿಯೊಬ್ಬಳು ಆರಾಮಿದ್ದೀಯಾ ಎಂದರೆ ಇಲ್ಲ. ಪಾಪ, ಅವಳು ಎರಡು ಬಸ್ಸು ಬದಲಿಸಿ ಮೂಸಂಬಿ ಕಟ್ಟಿಕೊಂಡು ಓಡಿ ಬಂದಳು. ನಾನೂ ಗುರುವಾರ ಹೋಗುವುದನ್ನು ಬಿಟ್ಟೆ. ಊರೆಲ್ಲ ಒಪ್ಪಿಸಲು ಹೋದಾಗ ನಾನು ಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಆರಿಸಿದ್ದನ್ನೇ ಆರಿಸುತ್ತಿದ್ದೆ.

ನಮಗೆ ಮಕ್ಕಳಿಲ್ಲ. ನನ್ನ ಗಂಡ ಫಕೀರಪ್ಪ ಹಿಟ್ಟಿನ ಗಿರಣಿ ನಡೆಸುತ್ತಾನೆ. ಹುಬ್ಬಿನಿಂದ ಪಾದದವರೆಗೆ ಸದಾ ಬೆಳ್ಳಗಿರುವ, ಕಡಿಮೆ ಮಾತಿನ ಮನುಷ್ಯ. ನಾಲ್ಕು ವರ್ಷದ ಹಿಂದೆ ಹೊಳೆಯಾಚೆಯ ಊರಿನ ಮಕ್ಕಳ ಆಶ್ರಮದಲ್ಲಿ ಹೆಸರು ಬರೆಸಿದ್ದೆವು. ಎರಡು ವರ್ಷದೊಳಗಿನ ಒಂದು ಕೂಸು ಸಾಕು ಎಂದು ಬರೆಸಿದವಳು ನಾನೇ. ಬುದ್ಧಿ ಬಂದ ಮಗು ಬೇಡ ಎಂದು ನನಗಿತ್ತು. ಅದಕ್ಕೆ ಹೆತ್ತವಳ ನೆನಪಿರುತ್ತದೆ, ನನ್ನನ್ನು ನೋಡಿದಾಗಲೆಲ್ಲ ಅವಳನ್ನು ನೆನೆಯುತ್ತದೆ ಎಂಬ ಹೆದರಿಕೆ. ಹೆಸರು ಬರೆಸಿದ್ದು ಇಮಾಂಬಿಗೆ ಗೊತ್ತಿತ್ತು, ಆದರೆ ಈ ಹೆದರಿಕೆಯನ್ನು ನಾನು ಅವಳಿಗೂ ಹೇಳಿರಲಿಲ್ಲ. ಹೇಳೋಣ ಹೇಳೋಣ ಎನ್ನುತ್ತಿರುವಾಗಲೇ ಜಗಳವಾಗಿ, ಹೇಳಬೇಕಾದ ಗುರುವಾರಗಳನ್ನು ನಾನೇ ಮುಚ್ಚಿಕೊಂಡಿದ್ದೆ.

ಕೊನೆಗೆ ಒಂದು ದಿನ ಕಾರ್ಡು ಬಂತು. 'ಮಂಗಳವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಫೋನು ಮಾಡುತ್ತೇವೆ. ಕೆಲವು ಪ್ರಶ್ನೆ ಕೇಳುತ್ತೇವೆ. ಒಂದೇ ಸಲ ಮಾಡುತ್ತೇವೆ, ಆಗದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತೇವೆ.' ಫಕೀರಪ್ಪ ಕಾರ್ಡನ್ನು ಎರಡು ಸಲ ಓದಿ, ಅದರ ಮೇಲೆಲ್ಲ ಹಿಟ್ಟಿನ ಬೆರಳಚ್ಚು ಮಾಡಿ ನನ್ನ ಕೈಗೆ ಕೊಟ್ಟ.

"ಇಮಾಂಬಿಗೆ ಒಂದ ಮಾತು ಹೇಳಿ ಬಾ. ಲೈನಿಂದು ಏನ ಭರೋಸಾ?"

"ಲೈನ ನೋಡಾಕಿನ ನಾನು. ನನ್ನ ಲೈನಿಗೆ ಏನ ಆಗತೈತಿ?" ಎಂದೆ.

ಮಂಗಳವಾರ ಎಕ್ಸ್‌ಚೇಂಜಿಗೆ ಎಲ್ಲರಿಗಿಂತ ಮುಂಚೆ ಹೋದೆ. ನಮ್ಮ ಮನೆಯ ಹಸಿರು ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ದೀಪ ಉರಿದರೆ ಲೈನು ಗಟ್ಟಿ ಎಂದೇನು ಗ್ಯಾರಂಟಿ ಎಂದು ಎಂಟೂವರೆಗೆ ಒಮ್ಮೆ ಕಿತ್ತು ಸಿಕ್ಕಿಸಿದೆ. ಸರಿಯಾಗಿ ಕೂತಿತೋ ಇಲ್ಲವೋ ಎಂದು ಒಂಬತ್ತಕ್ಕೆ ಮತ್ತೊಮ್ಮೆ. ಎರಡನೆಯ ಸಲ ಸಿಕ್ಕಿಸುವಾಗ ಧೂಳು ಕೂತಿತೇನೋ ಎಂದು ಮುಕ್ಕಾಲು ತಾಸು ಒದ್ದಾಡಿ, ಒಂಬತ್ತೂಮುಕ್ಕಾಲಿಗೆ ಇನ್ನೊಮ್ಮೆ ಕಿತ್ತು, ಸೀರೆಯ ಸೆರಗಿನಿಂದ ಒರೆಸಿ, ಒತ್ತಿ ಸಿಕ್ಕಿಸಿದೆ. ಈಗ ಪಕ್ಕಾ ಆಯಿತು ಎಂದು ನೆಮ್ಮದಿಯಿಂದ ಅರ್ಧ ದಿನ ರಜೆ ಬರೆದಿಟ್ಟು ಮನೆಗೆ ಬಂದು ಫೋನಿನ ಮುಂದೆ ಚಾಪೆ ಹಾಸಿಕೊಂಡು ಕೂತೆ.

ಹತ್ತು ಹೊಡೆಯಿತು. ಹತ್ತೂವರೆ, ಹನ್ನೊಂದು. ನಾನು ಎತ್ತಿ ನೋಡಿದ ಗಳಿಗೆಯಲ್ಲೇ ಅವರು ಮಾಡಿಬಿಟ್ಟರೆ ಎಂಬ ಹೆದರಿಕೆಯಿಂದ ಫೋನನ್ನು ಮುಟ್ಟಲೂ ಇಲ್ಲ. ಹನ್ನೊಂದೂವರೆಗೆ ತಡೆಯಲಾಗದೆ ಎತ್ತಿದೆ. ಗುಂಯ್ ಎನ್ನಬೇಕಾದ ಫೋನು ಕಲ್ಲಿನ ಹಾಗೆ ಸುಮ್ಮನಿತ್ತು.

ಆಗ ತಲೆಗೆ ಹೋಯಿತು. ಲೈನು ಗಟ್ಟಿ ಮಾಡುವ ಗಡಿಬಿಡಿಯಲ್ಲಿ ಉರಿಯುತ್ತಿದ್ದ ಹಳದಿ ದೀಪವನ್ನು ನಾನು ನೋಡಿಯೇ ಇರಲಿಲ್ಲ. ಒಂಬತ್ತೂಮುಕ್ಕಾಲಿಗೆ ಎರಡು ತಾಸು ಕೂಡಿಸಿದರೆ ಎಷ್ಟು? ಊರಿಗೆಲ್ಲ ದಿನಾ ಲೆಕ್ಕ ಹೇಳುವವಳು ನಾನು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ. ಮಂಗ ಬಂದಿರಲಿಲ್ಲ, ಗಾಳಿ ಬೀಸಿರಲಿಲ್ಲ, ತಂತಿ ಹರಿದಿರಲಿಲ್ಲ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದೆ, ಅದೂ ಮೂರು ಸಲ. ಬೆಳಗಿನಿಂದ ನನ್ನ ಫೋನು ಇಮಾಂಬಿಯ ಮನೆಯಲ್ಲಿತ್ತು, ಮತ್ತು ಇಮಾಂಬಿಗೆ ಗೊತ್ತಿದ್ದದ್ದು ಒಂದೇ ಮಾತು.

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಓಣಿಯಲ್ಲಿ ಓಡುತ್ತಲೇ ಲೆಕ್ಕ ಹಾಕಿದೆ. ನಿಮಗೆ ಮಗು ಬೇಕೇ? ಇಲ್ಲ. ಸಾಕುತ್ತೀರಾ? ಇಲ್ಲ. ನಾಲ್ಕು ವರ್ಷ ಕಾದದ್ದು ಎರಡು ಅಕ್ಷರದಲ್ಲಿ ಮುಗಿಯಿತು. ತಪ್ಪು ಅವಳದಲ್ಲ ಎಂಬುದೇ ನನ್ನನ್ನು ಹೆಚ್ಚು ಸುಡುತ್ತಿತ್ತು. ಹಿಂದಿನ ಗುರುವಾರ ಐದು ನಿಮಿಷ ಹೋಗಿ ಕೂತಿದ್ದರೆ ಸಾಕಾಗಿತ್ತು.

ಇಮಾಂಬಿ ಪಡಸಾಲೆಯಲ್ಲಿ ಹರಡಿದ ಕೌದಿಯ ಮುಂದೆ ಕೂತಿದ್ದಳು. ಕೈ ಖಾಲಿ ಇದ್ದವು. ಹದಿನೈದು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಅವಳ ಕೈಯನ್ನು ನಾನು ಖಾಲಿ ಕಂಡವಳಲ್ಲ. ಮುಂದೆ, ಹಾಸುಗಲ್ಲಿನ ಮೇಲೆ, ಸೂಜಿ ಎರಡು ತುಂಡಾಗಿ ಬಿದ್ದಿತ್ತು.

"ಫೋನ ಬಂದಿತ್ತೇನ?" ಎಂದೆ.

"ಬಂದಿತ್ತು. ಕುಂದ್ರು ಮೊದಲ. ನೀರ ಕುಡಿ."

"ಅಕ್ಕಾ, ನೀರ ಬ್ಯಾಡ. ಏನಂದಿ ಹೇಳು."

"ಮೂರು ವರ್ಸ ಆದ ಮ್ಯಾಲ ಅಕ್ಕಾ ಅಂದಿ ನೋಡು," ಎಂದು ಅವಳು ತಂಬಿಗೆ ನನ್ನ ಮುಂದೆ ಸರಿಸಿದಳು. ನಾನು ಕುಡಿಯುವ ತನಕ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದಳು.

"ಹನ್ನೊಂದರ ಸುಮಾರಿಗೆ ಗಂಟಿ ತುಂಡ ತುಂಡ ಬಾರಿಸಾಕ ಹತ್ತಿತು. ನಿಂದ ಅಂತ ಗೊತ್ತಾತು. ನೀಲಗಂಗಾ ಮಾತಾಡೂದ್ರಿ ಅಂದೆ. ಆ ಕಡೆ ಆಶ್ರಮದ ಅಕ್ಕೋರು. ಮೊದಲನೇ ಮಾತಿಗೇ ಕೇಳಿದ್ರು, 'ನಾಕ ವರ್ಸ ಆತು, ಮನಸ ಬದಲಾಗೇತೇನ್ರಿ, ಹೆಸರ ತಗದಬಿಡೂನೇನ್ರಿ?' ನಾ 'ಇಲ್ಲ' ಅಂದೆ."

ನಾನು ಉಸಿರು ಬಿಟ್ಟೆ.

"'ಮನ್ಯಾಗ ಬ್ಯಾರೆ ಮಕ್ಕಳು ಅದಾವೇನ್ರಿ?' ಅಂದ್ರು. 'ಇಲ್ಲ' ಅಂದೆ. 'ಯಜಮಾನರಿಗೆ ಕುಡಿಯೋ ಚಟ?' 'ಇಲ್ಲ.' ಇಸ್ಪೀಟಿಂದು ಕೇಳಲಿಲ್ಲ, ಪುಣ್ಯಾ. ನನಗ ಒಳಗ ನಗಿ ಬರಾಕತ್ತಿತು ನೀಲವ್ವಾ. ನನ್ನ ಆಣಿನೂ ಉಳೀತು, ನಿನ್ನ ಕೆಲಸನೂ ಆಗಾಕತ್ತೇತಿ, ಅಲ್ಲಾನ ನಡಸಾಕತ್ಯಾನ ಅಂದ್ಕೊಂಡೆ. ಆಮ್ಯಾಲ ಅಕ್ಕೋರು ಅಂದ್ರು, 'ನೀವು ಸಣ್ಣ ಕೂಸು ಕೇಳೀರಿ. ಒಂದೂವರಿ ವರ್ಸದ್ದು ಐತಿ. ಆದ್ರ ಅದಕ್ಕ ಒಬ್ಬಾಕಿ ಅಕ್ಕ ಅದಾಳ, ಎಂಟ ವರ್ಸದಾಕಿ. ಅಕ್ಕನ್ನ ಇಲ್ಲೇ ಇಟಗೊಂಡು ಸಣ್ಣದನ್ನಷ್ಟ ಕಳಿಸಿದ್ರ ನಡೀತೈತೇನ್ರಿ?'"

ಇಮಾಂಬಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ನಾ 'ಇಲ್ಲ' ಅಂತ ಒದರಿದೆ. ಅದು ಆಣಿ ಸಲವಾಗಿ ಒದರಿದ್ದಲ್ಲ. ಆಗ ಅಕ್ಕೋರು ಕೇಳಿದ್ರು, 'ಹಂಗಾರ ಇಬ್ಬರನ್ನೂ ಒಯ್ತೀರೇನ್ರಿ?'"

"ನೀ ಏನಂದಿ?"

"ಏನಂತೀನಿ? ಸೂಜಿ ಕೈಯಾಗ ಇತ್ತು. ಅದನ್ನ ಮುರದೆ. 'ಹೂಂ, ಇಬ್ಬರನ್ನೂ ಒಯ್ತೀವ್ರಿ' ಅಂದೆ. ಐತವಾರ ಬರ್ರಿ ಅಂದಾರ."

ಹೋದ ಜೀವ ಬಂದಂತಾಯಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಕಣ್ಣೀರು ತಾನಾಗಿಯೇ ಇಳಿಯಿತು, ಒರೆಸಿಕೊಳ್ಳಬೇಕೆಂದೂ ಅನಿಸಲಿಲ್ಲ. ಮೂರು ವರ್ಷದಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋದ ಹಾಗಿತ್ತು. ಇಬ್ಬರು ಎಂಬ ಮಾತು ಅರ್ಥವಾದದ್ದು ಆಮೇಲೆ. ಎಂಟು ವರ್ಷದವಳು. ಎಲ್ಲ ನೆನಪಿರುವವಳು.

ಇಮಾಂಬಿ ಸೂಜಿಯ ತುಂಡುಗಳನ್ನು ಎತ್ತಿ ಚಿಂದಿಯೊಂದರಲ್ಲಿ ಸುತ್ತುತ್ತ, "ಅಕ್ಕನ ಕೈ ಬಿಡಿಸಿ ತಂಗೀನ ಕೊಡ್ತೀವಿ ಅಂದ್ರ ಯಾವಾಕಿ ಹೂಂ ಅಂತಾಳ?" ಎಂದಳು. ಪ್ರಶ್ನೆ ಎಂದು ಕೇಳಿದ್ದಲ್ಲ, ಸುಮ್ಮನೆ ಅಂದದ್ದು.

ನಾನು ಅನ್ನುತ್ತಿದ್ದೆ. ಆ ಫೋನು ನನ್ನ ಮನೆಗೇ ಬಂದಿದ್ದರೆ, ನಾನೇ ಎತ್ತಿದ್ದರೆ, ಅಕ್ಕೋರ ಮಾತು ಮುಗಿಯುವ ಮುಂಚೆಯೇ "ನಡೀತೈತ್ರಿ, ಸಣ್ಣದೊಂದ ಸಾಕ್ರಿ" ಎಂದುಬಿಡುತ್ತಿದ್ದೆ. ಸಂತೋಷದಿಂದಲೇ ಅನ್ನುತ್ತಿದ್ದೆ. ಅಕ್ಕನ ಬಗ್ಗೆ ರಾತ್ರಿ ಒಮ್ಮೆ ಯೋಚಿಸಿ, ಯಾರಾದರೂ ಒಯ್ಯುತ್ತಾರೆ ಬಿಡು ಎಂದು ಮಗ್ಗುಲಾಗುತ್ತಿದ್ದೆ. ನನ್ನನ್ನು ನಾನು ಬಲ್ಲೆ. ಮೂರು ಸಲ ಲೈನು ಕಿತ್ತ ಕೈಯನ್ನು ಅಲ್ಲಿಯತನಕ ಶಪಿಸುತ್ತಿದ್ದವಳಿಗೆ, ಅದೇ ಕೈ ನನ್ನನ್ನು ಎಂಥ ಮಾತಿನಿಂದ ಉಳಿಸಿತು ಎಂದು ಮೈ ಜುಮ್ಮೆಂದಿತು.

"ಅಕ್ಕಾ, ನಾ ಆಗಿದ್ರ ಹೂಂ ಅಂತಿದ್ದೆ," ಎಂದೆ.

ಇಮಾಂಬಿ ತಲೆ ಎತ್ತಲಿಲ್ಲ. "ಏನಂತಿದ್ದಿ ಅದನ್ನ ಯಾರ ಕೇಳ್ಯಾರ? ಏನಂದಿ ಅನ್ನೂದಷ್ಟ ಊರಾಗ ನಡಿಯೂದು. ನೀ ಇಲ್ಲ ಅಂದಿ, ಒದರಿ ಅಂದಿ. ಹೋಗು, ನಿನ್ನ ಗಂಡಗ ಹೇಳು. ಹೋಗೂಮುಂದ ಸೆಟ್ಟರ ಅಂಗಡ್ಯಾಗ ನನಗೊಂದು ದಬ್ಬಣ ಸೂಜಿ ಹೇಳಿ ಹೋಗು, ಎರಡ ಸಣ್ಣ ಕೌದಿ ಹೊಲೀಬೇಕು."

ಗಿರಣಿಯಲ್ಲಿ ಫಕೀರಪ್ಪ ಬೆಲ್ಟು ನಿಲ್ಲಿಸಿ ಎಲ್ಲವನ್ನೂ ಕೇಳಿದ. ಇಬ್ಬರು ಎಂದಾಗ ಬಾಗಿಲಿಗೆ ಹೋಗಿ ಬೀದಿ ನೋಡುತ್ತ ನಿಂತ. ತಿರುಗಿದಾಗ ಬಿಳಿಯ ಮುಖದಲ್ಲಿ ಎರಡು ಗೆರೆ ಇಳಿದಿದ್ದವು.

"ಇಬ್ಬರನ್ನೂ ಅಂತ ಯಾರಂದ್ರು?" ಎಂದ.

"ನಾನ ಅಂದೆ," ಎಂದೆ. ನಮ್ಮೂರ ಪದ್ಧತಿಯ ಪ್ರಕಾರ ಅಂದೆ. ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

ಗುರುವಾರ ಹೋದೆ. ಮೂರು ವರ್ಷದ ಬಾಕಿಯನ್ನೆಲ್ಲ ಒಪ್ಪಿಸಿದೆ. ನೆನಪಿರುವ ಮಗುವಿನ ಹೆದರಿಕೆಯನ್ನೂ ಹೇಳಿದೆ. ಇಮಾಂಬಿ ಹೊಲಿಯುತ್ತಲೇ ಕೇಳಿ, "ಆಕಿಗೆ ಅವ್ವ ನೆನಪಿರತಾಳ. ಇರಲಿ ಬಿಡು. ನೆನಪಿಗೇನ ನೀ ಅನ್ನ ಹಾಕಬೇಕೇನ?" ಎಂದಳು. ಆ ರಾತ್ರಿ ನನಗೆ ಬಹಳ ದಿನದ ಮೇಲೆ ಗಾಢ ನಿದ್ದೆ ಬಂತು.

ಭಾನುವಾರ ಮೊದಲ ಬಸ್ಸಿಗೆ ಹೋದೆವು. ಫಕೀರಪ್ಪ ಮೂರು ಸಲ ಸ್ನಾನ ಮಾಡಿದ್ದ, ಆದರೂ ಕಿವಿಯ ಹಿಂದೆ ಹಿಟ್ಟು ಉಳಿದಿತ್ತು. ಆಶ್ರಮದ ಅಕ್ಕೋರು ಅವನನ್ನು ಸಹಿ ಮಾಡಿಸಲು ಒಳಗೆ ಕರೆದುಕೊಂಡು ಹೋದರು. ನಾನು ವರಾಂಡದ ಬೆಂಚಿನ ಮೇಲೆ ಕೂತೆ. ಎದುರಿನ ಕಂಬದ ಹತ್ತಿರ ಎಂಟು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಸೊಂಟದ ಮೇಲೆ ತನ್ನ ಅರ್ಧದಷ್ಟಿದ್ದ ಕೂಸು. ಕೂಸು ನಿದ್ದೆ ಹೋಗಿತ್ತು. ಅದರ ಭಾರಕ್ಕೆ ಹುಡುಗಿ ಒಂದು ಪಕ್ಕಕ್ಕೆ ವಾಲಿದ್ದಳು. ಕೆಳಗಿಳಿಸಿದರೆ ಯಾರಾದರೂ ಒಯ್ದಾರು ಎಂಬಂತೆ ಎರಡೂ ಕೈ ಬಿಗಿದುಕೊಂಡಿದ್ದಳು. ಅವಳ ಹೆಸರು ಕಸ್ತೂರಿ ಎಂದು ಅಕ್ಕೋರು ಹೇಳಿದ್ದರು.

"ಬಾರವ್ವಾ, ಕುಂದ್ರು ಬಾ," ಎಂದೆ.

ಅವಳು ಬರಲಿಲ್ಲ. ನನ್ನನ್ನು ಕಾಲಿನಿಂದ ತಲೆಯತನಕ ನೋಡಿದಳು. ಆಮೇಲೆ ಕೇಳಿದಳು.

"ಅಕ್ಕೋರು ಫೋನ ಮಾಡಿದಾಗ ನಾ ಅಲ್ಲೇ ಬಾಗಲದಾಗ ನಿಂತಿದ್ದೆ. ನನ್ನ ಬಿಟ್ಟು ಇದನ್ನಷ್ಟ ಕೊಟ್ರ ನಡೀತೈತೇನು ಅಂತ ಕೇಳಿದ್ರು. ಆ ಕಡಿಂದ ಯಾರೋ ಜೋರಾಗಿ 'ಇಲ್ಲ' ಅಂದ್ರು. ನನಗ ಬಾಗಲತನಕ ಕೇಳಿಸ್ತು. ಹಂಗ ಅಂದಾಕಿ ನೀವೇನ್ರಿ?"

ನಮ್ಮೂರಲ್ಲಾಗಿದ್ದರೆ ಈ ಪ್ರಶ್ನೆಗೆ ಉತ್ತರ ಸಲೀಸು. ಇಲ್ಲಿ ಯಾವ ಕಾನೂನೂ ಇರಲಿಲ್ಲ. ಹುಡುಗಿಯ ಎರಡು ಕಣ್ಣು ಮಾತ್ರ ಇದ್ದವು. ಇನ್ನು ಮೇಲೆ ಪ್ರತಿ ದಿನ, ಪ್ರತಿ ಊಟದಲ್ಲಿ, ಪ್ರತಿ ಜ್ವರದಲ್ಲಿ ನಾನು ಆ 'ಇಲ್ಲ' ಅಂದವಳೇ ಆಗಿ ಬದುಕಬೇಕಾಗುತ್ತದೆ ಎಂದು ನನಗೆ ಗೊತ್ತಾಯಿತು. ಹಾಗೆ ಬದುಕಲು ನನಗೆ ಆಸೆಯಾಯಿತು.

"ಹೌದವ್ವಾ," ಎಂದೆ. "ನಾನ ಅಂದಾಕಿ."

ಕಸ್ತೂರಿ ಕಂಬ ಬಿಟ್ಟು ನನ್ನ ಹತ್ತಿರ ಬಂದು, ಸೊಂಟದ ಕೂಸನ್ನು ಎಚ್ಚರವಾಗದ ಹಾಗೆ ನನ್ನ ತೊಡೆಗೆ ದಾಟಿಸಿ, ಪಕ್ಕದಲ್ಲಿ ಕೂತು ಕೈ ಕೊಡವಿದಳು.

"ಬಾಳ ಹೊತ್ತಾತು, ಕೈ ಜೋಮ ಹಿಡದಾವ," ಎಂದಳು. "ಒಂದೀಟು ನೀವ ಎತ್ತಿಕೋರಿ."